ನೂರರಾಗ ಏಳು

ಅಪ್ಪ ಮಗ್ಗ ಬಿಚ್ಚಿ ಮಾರಿದ. ಕುಣಿ ಮಾರಾಕ ಬರಲಿಲ್ಲ.
ಮೂರು ತಲಿಮಾರು ಕಾಲು ಬಿಟ್ಟು ಕುಂತ ಕುಣಿ,
ಬೆಟಗೇರಿಯ ಈ ನಡುಮನಿಯಾಗ.
ಈಗ ಅದರಾಗ ನಾ ಕೂಡತೀನಿ.
ಎದಿಮಟ್ಟಕ್ಕ ನೆಲ, ನೆಲದ ಮ್ಯಾಲ ದಪ್ಪ ಗಾಜು,
ಗಾಜಿನ ಮ್ಯಾಲ ಎಣ್ಣಿ ಕುಡದ ಪಾಲಿಶ್ ಪೇಪರು,
ಅದರ ಮ್ಯಾಲ
ಕಡ್ಲಿಬ್ಯಾಳಿಗಿಂತ ಚೂರು ದೊಡ್ಡದೊಂದು ಉಕ್ಕಿನ ಬಿಲ್ಲಿ.

ಶಿಮ್ಮು ಅಂತಾರ ಇದಕ್ಕ.
ವಾಲ್ವಿನ ತಲಿಗೂ ಬಕೆಟ್ಟಿಗೂ ನಡುವ ಕುಂದ್ರೂದು ಇದರ ಕೆಲಸ.
ಎಂಜಿನ್ನು ತಣ್ಣಗಿದ್ದಾಗ ನೂರರಾಗ ಇಪ್ಪತ್ತು ಸಂದಿ ಬೇಕು.
ಗೇಜಿನ ಎಲಿ ತೂರಿಸಿ ನೋಡಿದೆ:
ಹದಿಮೂರು ಹೋತು, ಹದಿನಾಲ್ಕು ಒಲ್ಲೆ ಅಂತು.

"ಹೊಸಾದು ಬೇಕಂದ್ರ ಹುಬ್ಬಳ್ಳಿಯಿಂದ ಬರಬೇಕು, ಹದಿನೈದು ದಿನ,"
ಅಂದಿದ್ದ ನದಾಫರ ರಾಜಾಸಾಬ, ಗ್ಯಾರೇಜು ಮುಚ್ಚಕೋತ.
"ಇಲ್ಲಾ, ತಿಕ್ಕು. ಭಾಳ ತಿಕ್ಕಿದ್ರ ಗಟ್ಟಿ ತೊಗಲು ಹೋಗತೈತಿ,
ಒಳಗ ಬರೇ ಮೆತ್ತನ್ನ ಕಬ್ಬಿಣ. ಮನಷ್ಯಾರಂಗ ಅಲ್ಲ ಅದು."
ಮನಷ್ಯಾರು ಹ್ಯಾಂಗ ಅಂತ ಕೇಳೂದ್ರಾಗ
ಶಟರು ಬಿದ್ದಿತ್ತು.

ಹದಿನೈದು ದಿನ ಕಾಯೂ ಹಂಗಿಲ್ಲ.
ಗುಡ್ಡದಾಗ ಗಾಳಿಫ್ಯಾನಿನ ಬುಡಕ್ಕ ಅಪ್ಪಂದು ರಾತ್ರಿ ಕಾವಲು.
ಬೆಳಿಗ್ಗೆ ಆರೂವರಿಗೆ ನಾ ಹೋಗಿ ಕರಕೊಂಡು ಬರಬೇಕು.

ಮೊದಲ ಹೋಗೂದು ನಂಬರು.
ಎರಡು ಪಾಯಿಂಟ್ ಅರವತ್ತೈದು ಅಂತ ಬೆನ್ನ ಮ್ಯಾಲ ಕೊರದದ್ದು
ಹತ್ತು ಸುತ್ತಿಗೆ ಮಸಕಾತು, ಇಪ್ಪತ್ತಕ್ಕ ಐದು ಅಳಿಸಿತು,
ಆರಿನ ಬಾಲ ಒಂದು ಉಳದು, ಅದೂ ಹೋತು.
ಎಂಟು ಬರದಂಗ ಕೈ ತಿರುಗತಿತ್ತು.
ಹಿತ್ತಾಳಿ ಹಿಡಿಕಿ ನಾನ ಐಟಿಐದಾಗ ಕಡದದ್ದು,
ಫಿಟ್ಟರ್ ಕ್ಲಾಸಿನಾಗ ಒಬ್ಬಾಕಿ ಹುಡುಗಿ ಅಂತ
ಎಲ್ಲಾರೂ ನಿಂತು ನೋಡಿದ್ದರು.
ತಿಕ್ಕೂದು, ಒರಸೂದು, ಅಳಿಯೂದು.
ಅರವತ್ಮೂರು. ಅರವತ್ತೊಂದು.
ಕರೆಂಟು ಹೋತು. ಮೊಬೈಲು ಹಲ್ಲಾಗ ಹಿಡದೆ.
ಅರವತ್ತು.
ಐವತ್ತೊಂಬತ್ತು ಅನ್ನೂದ್ರಾಗ ಗದ್ದಕ್ಕೆಲ್ಲ ಜೊಲ್ಲು.

ಮೈಕ್ರೋಮೀಟರು ಐವತ್ತೆಂಟಕ್ಕ ಬಂದು ನಿಂತಾಗ
ನೀರು ಕುಡಿಯಾಕ ಅವ್ವ ಎದ್ದು ಬಂದ್ಲು.
"ಕೊಡ ಇತ್ತ," ಅಂದ್ಲು. ಸೆರಗಿಗೆ ಒರಸಿದ್ಲು.
ಹೆಬ್ಬಟ್ಟು, ತೋರಬಟ್ಟು, ಕಣ್ಣು ಮುಚ್ಚಿ ಒಂದು ಸುತ್ತು.
ಕಂಡಿಕಿ ಸುತ್ತೂ ಮುಂದ ಎಳಿಯ ಗಂಟು ಹುಡುಕಿದ ಬಟ್ಟು ಅವು,
ಅರವತ್ತರ ನೂಲು, ಎಂಬತ್ತರ ನೂಲು
ಕತ್ತಲಾಗ ಬ್ಯಾರೆ ಮಾಡಿದವು.
"ಈ ಮಗ್ಗಲ ದಪ್ಪ ಐತಿ ತಂಗಿ."
"ಇಲ್ಲಬೇ, ಅಳದೀನಿ."
"ಎಲ್ಲಿ ಅಳದಿ? ನಟ್ಟನಡುವ ಅಳದಿ."

ಅಂಚಿಗಿಟ್ಟು ನೋಡಿದೆ.
ಒಂದು ಕಡೆ ಐವತ್ತೇಳು. ಒಂದು ಕಡೆ ಐವತ್ತೊಂಬತ್ತು.
ನನ್ನ ಒತ್ತು ಬಲಕ್ಕ ವಾಲಿತ್ತು.
ಅವ್ವ ಕುಣಿಯ ದಂಡಿಗೆ ಕುಂತು
ತಂಬಿಗಿ ನೀರು ಪೂರಾ ಕುಡದ್ಲು.
"ನಿಮ್ಮಪ್ಪನೂ ಹಿಂಗ. ಬಲಗಾಲ ಹೆಚ್ಚು ತುಳೀತಿದ್ದ.
ಸೀರಿ ಅಂಚು ಒಂದು ಕಡೆ ಬಿಗಿ, ಒಂದು ಕಡೆ ಸಡಲ.
ಸಾವಕಾರ ಹತ್ತು ರೂಪಾಯಿ ಮುರಕೋತಿದ್ದ."

ಐವತ್ತೇಳಕ್ಕ ಸಮ ಮಾಡಿದೆ.
ತಿಕ್ಕಿದ ಮೈ ಬಕೆಟ್ಟಿನ ಕಡೆ, ಗಟ್ಟಿ ಮೈ ವಾಲ್ವಿನ ಕಡೆ.
ಕ್ಯಾಮು ಕೂಡಿಸಿ, ಗುರ್ತಿಗೆ ಗುರ್ತು ಹಚ್ಚಿ ಅಳದೆ:
ಇಪ್ಪತ್ತೊಂದು. ನಡೀತೈತಿ.
ಎರಡನೇ ಕಿಕ್ಕಿಗೆ ಹತ್ತಿತು ಗಾಡಿ.
"ಇನ್ನೂ ಟಿಕಿ ಟಿಕಿ ಅಂತೈತಲ್ಲ?"
"ಅನಬೇಕು. ಸಪ್ಪಳಿಲ್ಲದ ವಾಲ್ವು ಸುಟ್ಟು ಹೋಗತೈತಿ."
"ಹಂಗಾರ ನಮ್ಮನಿಯಾಗ ಯಾರೂ ಸುಡೂದಿಲ್ಲ,"
ಅಂದು ಒಲಿ ಹೊತ್ತಿಸಾಕ ಹೋದ್ಲು.

ಗುಡ್ಡದ ಬುಡಕ್ಕ ಅಪ್ಪ ಹಿಂದ ಹತ್ತಿ ಕುಂತ,
ಬುತ್ತಿಡಬ್ಬಿ ನಡುವ ಇಟಕೊಂಡು.
ಎರಡು ಮೈಲು ಏನೂ ಮಾತಿಲ್ಲ.
ಮಲಗ್ಯಾನ ಅನಕೊಂಡಿದ್ದೆ.
ಆಮ್ಯಾಲ ಗಾಡಿ ಚೂರು ಬಲಕ್ಕ ಜಗ್ಗಿತು,
ಮತ್ತ ಜಗ್ಗಿತು, ಎಂಜಿನ್ನಿನ ಸಪ್ಪಳಕ್ಕ ಸರಿಯಾಗಿ.
ತಿರುಗಿ ನೋಡಲಿಲ್ಲ ನಾ.
ಫುಟ್‌ರೆಸ್ಟಿನ ಮ್ಯಾಲ
ಅಂವನ ಬಲಗಾಲು ತುಳಿಯಾಕ ಹತ್ತಿತ್ತು.